ನಡಕೋಂತ ಮಾತಾಡ್ರಿ

ಬೆಳಗಾವಿಯ ಹಿಂದವಾಡಿ ಬಡಾವಣೆಯ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಗೆ ಹೊರಗಿನಿಂದ ಹದಿನೇಳು ಮೆಟ್ಟಿಲು. ಈ ಸಂಖ್ಯೆಯ ಬಗ್ಗೆ ನನಗೆ ಸಂಶಯವಿಲ್ಲ. ಬಸುರಿಯಾಗಿದ್ದಾಗ ಐದು ತಿಂಗಳು, ಹೆತ್ತ ಮೇಲೆ ಏಳು ತಿಂಗಳು ಆ ಮೆಟ್ಟಿಲುಗಳನ್ನು ಹತ್ತಿ ಇಳಿದಿದ್ದೇನೆ. ಮೇಲಾಗಿ ಅಳೆಯುವುದು, ಎಣಿಸುವುದು ನನ್ನ ಕೆಲಸ. ನಾನು ಸರ್ವೆ ಇಲಾಖೆಯಲ್ಲಿ ಭೂಮಾಪಕಿ. ಖಾನಾಪುರ ತಾಲೂಕಿನ ಹೊಲಗಳ ಗಡಿ ಅಳೆದು ನಕ್ಷೆ ಬರೆಯುತ್ತೇನೆ.

ಆ ಕೋಣೆಯಲ್ಲಿ ಬಸುರಿಯರಿಗೂ ಬಾಣಂತಿಯರಿಗೂ ವ್ಯಾಯಾಮ ಹೇಳಿಕೊಡುತ್ತಿದ್ದವರನ್ನು ನಾವೆಲ್ಲ ಬಾಯಾರು ಅನ್ನುತ್ತಿದ್ದೆವು. ನಮ್ಮ ಕಡೆ ಸಾಲಿಯ ಶಿಕ್ಷಕಿಯನ್ನೂ ದವಾಖಾನೆಯ ನರ್ಸನ್ನೂ ಹಾಗೇ ಕರೆಯುವುದು. ಹೋದ ತಿಂಗಳು ಅವರು ಕೋಣೆಯ ಕೀಲಿಯನ್ನು ಗಿರಣಿಯವರಿಗೆ ಒಪ್ಪಿಸಿ ಖಾನಾಪುರದಲ್ಲಿರುವ ತಂಗಿಯ ಮನೆಗೆ ಹೋದರು. ಮೊಣಕಾಲು ಮೆಟ್ಟಿಲು ಹತ್ತಲು ಒಲ್ಲೆ ಅಂದವು, ಬೇರೆ ಕಾರಣವಿಲ್ಲ. ಸುದ್ದಿ ಗೊತ್ತಾದ ದಿನ ಜೋಳ ಬೀಸಿಸಿಕೊಂಡು ಬರಲು ಹೋದವಳು, ಬಿಸಿ ಹಿಟ್ಟಿನ ಡಬ್ಬಿಯನ್ನು ಅವಚಿಕೊಂಡು ಆ ಮೆಟ್ಟಿಲುಗಳ ಕೆಳಗೆ ಸ್ವಲ್ಪ ಹೊತ್ತು ನಿಂತೆ. ಹದಿನೇಳನ್ನೂ ಇನ್ನೊಮ್ಮೆ ಎಣಿಸಿದೆ. ಯಾರಿಗೂ ಏನೂ ಆಗಿರಲಿಲ್ಲ, ಆದರೂ ಎಣಿಸಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಂಡದ್ದನ್ನು ಬರೆಯುತ್ತೇನೆ, ಕಾಣದ್ದನ್ನು ಕಂಡಿಲ್ಲ ಎಂದೇ ಹೇಳುತ್ತೇನೆ. ಬಾಯಾರಿಗೆ ಸ್ವಂತ ಮಕ್ಕಳಿದ್ದರೋ ಇಲ್ಲವೋ, ಉದಾಹರಣೆಗೆ, ನನಗೆ ಗೊತ್ತಿಲ್ಲ. ಒಬ್ಬಾಕೆ ಕೇಳಿದಾಗ ಅವರು ಕಿಟಕಿ ತೆರೆಯಲು ಎದ್ದುಹೋದರು. ಕಿಟಕಿ ಮೊದಲೇ ತೆರೆದಿತ್ತು.

ಗಿಡ್ಡ ಆಳು. ಸೀರೆಯನ್ನು ಪಾದದಿಂದ ನಾಲ್ಕು ಬೊಟ್ಟು ಮೇಲೆ ಉಡುತ್ತಿದ್ದರು, ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಎದೆಯ ಮೇಲೆ ಪಿನ್ನಿನಲ್ಲಿ ತೂಗುವ, ನರ್ಸುಗಳ ತಲೆಕೆಳಗಾದ ಗಡಿಯಾರ. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಬೆಳಗಾವಿಯ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿದ್ದರು. ದಿನಾ ಖಾನಾಪುರದಿಂದ ರೈಲಿನಲ್ಲಿ ಬಂದು ರೈಲಿನಲ್ಲಿ ಹೋಗುತ್ತಿದ್ದರು. ಅಲ್ಲಿಯೇ ಒಬ್ಬ ಫಿಜಿಯೋಥೆರಪಿ ಡಾಕ್ಟರ ಕೈಕೆಳಗೆ ಈ ವ್ಯಾಯಾಮಗಳನ್ನು ಕಲಿತದ್ದಂತೆ. ನಿವೃತ್ತಿಯಾದ ಮೇಲೆ ಗಿರಣಿಯ ಮೇಲಿನ ಕೋಣೆ ಹಿಡಿದರು. ಬೆಳಿಗ್ಗೆ ಒಂಬತ್ತಕ್ಕೆ ಕೆಳಗೆ ಗಿರಣಿ ಶುರುವಾದರೆ ಕೋಣೆಯ ನೆಲ ಸಣ್ಣಗೆ ನಡುಗುತ್ತಿತ್ತು. ಅದೇ ನಮ್ಮ ತರಗತಿ ಮುಗಿಯುವ ಗಂಟೆ.

ಅವರದೊಂದು ರೂಢಿಯನ್ನು ಮೊದಲೇ ಹೇಳಿಬಿಡಬೇಕು. ಯಾರನ್ನೂ ಕೇಳದೆ ಮುಟ್ಟುತ್ತಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿಸಬೇಕಾದರೂ, ಹೆಗಲು ಇಳಿಸಬೇಕಾದರೂ ಎರಡೂ ಕೈಗಳನ್ನು ಗಾಳಿಯಲ್ಲಿ ಹಿಡಿದು, "ಕೈ ಇಡ್ಲೇನ್ರಿ?" ಎಂದು ಕೇಳುತ್ತಿದ್ದರು. ಹೂಂ ಅನ್ನುವವರೆಗೆ ಆ ಕೈಗಳು ಅಲ್ಲೇ ನಿಂತಿರುತ್ತಿದ್ದವು. ನೂರು ಸಲ ಹೂಂ ಅಂದವಳನ್ನೂ ನೂರಾ ಒಂದನೇ ಸಲ ಕೇಳುತ್ತಿದ್ದರು.

ಎರಡು ನಿಯಮ. ಒಂದು, ಡಾಕ್ಟರ ಚೀಟಿ ಬೇಕು. ಈ ಹೆಣ್ಣುಮಗಳು ವ್ಯಾಯಾಮ ಮಾಡಬಹುದು ಎಂದು ಅವಳನ್ನು ನೋಡುವ ಡಾಕ್ಟರೇ ಬರೆದುಕೊಡಬೇಕು. ಚೀಟಿ ಇಲ್ಲದೆ ಬಂದವರಿಗೆ ಸಕ್ಕರೆ ಇಲ್ಲದ ಚಹಾ ಕೊಟ್ಟು ಕಳಿಸುತ್ತಿದ್ದರು. "ಎಲ್ಲಾರ ಬಸರೂ ಒಂದ ನಮೂನಿ ಇರಂಗಿಲ್ರಿ. ಕೆಲವರು ಮಲಕೊಂಡ ಇರಬೇಕಾಗ್ತೈತಿ. ಅದನ್ನ ನಾ ಹೆಂಗ ಹೇಳ್ಲಿ?" ಇನ್ನೊಂದು ನಿಯಮ, ಮೊದಲ ದಿನ ಅತ್ತೆಯೋ ತಾಯಿಯೋ ಜೊತೆಗೆ ಬರಬೇಕು. ಬಂದವರು ಗೋಡೆಗೆ ಒರಗಿ ಕೂರುವಂತಿಲ್ಲ, ಅವರೂ ಮಾಡಬೇಕು.

ನಾನು ಅಲ್ಲಿಗೆ ಹೋದದ್ದು ಸ್ವಂತ ಮನಸ್ಸಿನಿಂದಲ್ಲ.

ಅದಕ್ಕಿಂತ ಒಂದೂವರೆ ವರ್ಷ ಹಿಂದೆ ನನ್ನ ಮೊದಲ ಬಸುರು ಹೋಗಿತ್ತು. ಮೂರು ತಿಂಗಳು ತುಂಬಲು ಕೆಲವೇ ದಿನ ಇದ್ದವು. ಆಫೀಸಿನಲ್ಲಿ ಇನ್ನೂ ಹೇಳಿರಲಿಲ್ಲ. ಹಲಸಿಯ ಹತ್ತಿರ ಒಂದು ಹೊಲದ ಮೋಜಣಿ, ಅಂದರೆ ಗಡಿ ಅಳತೆ, ಇತ್ತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬದುವಿನ ಮೇಲೆ ನಡೆದೆ. ಮೂರನೆಯ ಗಡಿಕಲ್ಲಿನ ಹತ್ತಿರ ಹೊಟ್ಟೆ ಹಿಂಡಿದಂತಾಯಿತು. ಅವತ್ತು ಸಂಜೆ ಬೆಳಗಾವಿಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಡಾಕ್ಟರು ಏನೋ ವಿವರಿಸಿದರು. ಅವರ ತುಟಿಗಳು ಅಲುಗಿದ್ದು ನೆನಪಿದೆ, ಮಾತು ನೆನಪಿಲ್ಲ.

ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಅತ್ತೆ ಒಂದೇ ಒಂದು ಸಲ, ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ, "ಹಲಸಿಗಿ ಹೋಗಬಾರದಿತ್ತೇನೋ" ಅಂದರು. ಅಷ್ಟೇ. ಆ ಮಾತನ್ನು ನಾನು ಒಂದೂವರೆ ವರ್ಷ ಹೊತ್ತುಕೊಂಡು ತಿರುಗಿದೆ. ನಡೆದವಳು ನಾನು. ನಡಿಗೆಯೇ ಅದನ್ನು ಕೊಂದಿತು. ಇದರಲ್ಲಿ ನನಗೆ ಅನುಮಾನವಿರಲಿಲ್ಲ.

ಹಾಗಾಗಿ ಎರಡನೆಯ ಸಲ ಬಸುರಾದಾಗ ಮಂಚ ಹಿಡಿದೆ. ಅತ್ತೆ ಊಟವನ್ನು ಮಂಚಕ್ಕೇ ತಂದುಕೊಡುತ್ತಿದ್ದರು. ನಾಲ್ಕು ತಿಂಗಳು ಮುಗಿಯುವ ಹೊತ್ತಿಗೆ ಸೊಂಟ ಹಿಡಿದುಕೊಂಡಿತ್ತು, ಸ್ನಾನಕ್ಕೆ ಹೋಗಿಬಂದರೆ ಏದುಸಿರು. ಮೊದಲ ಸಲ ನೋಡಿದ್ದ ಡಾಕ್ಟರೇ ಪರೀಕ್ಷಿಸಿ ಎಲ್ಲ ಸರಿಯಾಗಿದೆ, ಇನ್ನು ಮಲಗುವ ಕಾರಣವಿಲ್ಲ, ನಡೆಯಿರಿ ಅಂದರು. ನಾನು ತಲೆಯಾಡಿಸಿ ಮನೆಗೆ ಬಂದು ಮಲಗಿದೆ. ಮುಂದಿನ ಸಲ ಅವರು ನನ್ನ ಕೈಗೆ ಏನನ್ನೂ ಕೊಡಲಿಲ್ಲ. ಚೀಟಿ ಬರೆದು ಅತ್ತೆಯ ಕೈಗಿಟ್ಟು, "ಇವರನ್ನ ಗಿರಣಿ ಮ್ಯಾಲಿನ ಬಾಯಾರ ಕಡೆ ಕರಕೊಂಡು ಹೋಗ್ರಿ" ಅಂದರು.

ಆ ಮೊದಲ ದಿನ ಅತ್ತೆ ಕೋಣೆಯ ಬಾಗಿಲಲ್ಲೇ ನಿಂತು ತಕರಾರು ತೆಗೆದರು. "ನಮ್ಮ ಕಾಲದಾಗ ಇವೆಲ್ಲಾ ಇರಲಿಲ್ರಿ. ನಾವೇನು ಹಡೀಲಿಲ್ಲೇನು?"

"ಹಡದೀರಿ ಅಕ್ಕಾರ, ಯಾರು ಇಲ್ಲ ಅಂತಾರ? ಒಳಗ ಬರ್ರಿ, ಕುಂದರ್ರಿ."

ಗಿರಣಿಯ ಹಿಟ್ಟಿನ ಧೂಳು ಆ ಕೋಣೆಗೆ ಏರುತ್ತಿತ್ತು. ಅತ್ತೆ ಕೂರುವ ಮೊದಲೇ ಒಂದು ಸೀನು ಸೀನಿದರು. ಸೀನುವಾಗ ಎರಡೂ ಕಾಲುಗಳನ್ನು ಬಿಗಿಯಾಗಿ ಕೂಡಿಸಿ, ಸ್ವಲ್ಪ ಬಾಗಿದರು. ಹತ್ತು ವರ್ಷದಿಂದ ಒಂದೇ ಮನೆಯಲ್ಲಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ಬಾಯಾರು ಗಮನಿಸಿದರು.

"ಎಷ್ಟ ವರ್ಷ ಆತ್ರಿ ಅಕ್ಕಾರ?"

"ಏನು?"

"ಸೀನಿದಾಗ ಹಂಗ ಕಾಲು ಕೂಡಸಾಕ ಹತ್ತಿ."

ಅತ್ತೆಯ ಮುಖ ಕೆಂಪಾಯಿತು. ನನ್ನ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. ಕಡೆಗೆ ಸಣ್ಣ ದನಿಯಲ್ಲಿ, "ಮಗಾ ಹುಟ್ಟಿದಾಗಿಂದ" ಅಂದರು.

"ಮಗಗ ಈಗೆಷ್ಟು?"

"ಮೂವತ್ನಾಕು."

"ಮೂವತ್ನಾಕು ವರ್ಷ ನೀವು ಜಾತ್ರಿ, ಲಗ್ನ, ಬಸ್ಸು ಎಲ್ಲಾ ಕಡೆ ಮೊದಲ ಬಚ್ಚಲಾ ಎಲ್ಲೈತಿ ಅಂತ ಹುಡಿಕೀರಿ. ಯಾರಿಗೂ ಹೇಳಿಲ್ಲ. ಹೌದಲ್ಲೋ? ಇದಕ್ಕ ವ್ಯಾಯಾಮ ಐತಿ. ಸೊಸಿ ಜೋಡಿ ನೀವೂ ಮಾಡ್ರಿ. ಆಮ್ಯಾಲ ಬೈರಿ ನನ್ನ."

ಆ ವ್ಯಾಯಾಮವನ್ನು ಅವರು ಹೇಳಿಕೊಡುತ್ತಿದ್ದ ರೀತಿ ಹೀಗೆ: "ಗಾಡ್ಯಾಗ ಕುಂತೀರಿ. ಉಚ್ಚಿಗಿ ಅವಸರ ಆಗೇತಿ. ಟೇಶನ್ ಇನ್ನೂ ದೂರ ಐತಿ. ಹೆಂಗ ಹಿಡಕೋತೀರಿ? ಹಂಗ ಒಳಗ ಮ್ಯಾಲಕ ಎಳೀರಿ. ಕುಂಡಿ ಬಿಗಿ ಮಾಡಬ್ಯಾಡ್ರಿ, ಹೊಟ್ಟಿ ಬಿಗಿ ಮಾಡಬ್ಯಾಡ್ರಿ, ಮಾರಿ ಅಂತೂ ಬ್ಯಾಡೇ ಬ್ಯಾಡ. ಉಸಿರು ಆಡತಿರ್ಲಿ. ಐದು ಎಣಸ್ರಿ. ಈಗ ಸಾವಕಾಶ ಬಿಡ್ರಿ." ಸುತ್ತ ಕುಳಿತ ಏಳೆಂಟು ಹೆಂಗಸರು ಮುಖವನ್ನು ಸಪ್ಪಗೆ ಇಟ್ಟುಕೊಂಡು ಕುಳಿತಿರುತ್ತಿದ್ದೆವು. ಹೊರಗಿನಿಂದ ನೋಡಿದವರಿಗೆ ನಾವು ಯಾರದೋ ಭಾಷಣ ಕೇಳುತ್ತಿದ್ದೇವೆ ಅನ್ನಿಸಬೇಕು.

ಮರುದಿನ ಅತ್ತೆ ನನಗಿಂತ ಮೊದಲು ತಯಾರಾಗಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು.

ನಡಿಗೆಗೆ ಬಾಯಾರದೊಂದು ಅಳತೆ ಇತ್ತು. ಕೋಣೆಯಲ್ಲಿ ಕೈಕಾಲು ಸಡಿಲಿಸಿದ ಮೇಲೆ ಕೆಳಗಿನ ಓಣಿಯಲ್ಲಿ ಅತ್ತಿಂದಿತ್ತ ನಡೆಸುತ್ತಿದ್ದರು. ನಡೆಯುತ್ತ ನಾವು ರೈಲು ನಿಲ್ದಾಣಗಳ ಹೆಸರು ಹೇಳಬೇಕು: ಬೆಳಗಾವಿ, ದೇಸೂರ, ಇದಲಹೊಂಡ, ಖಾನಾಪುರ, ಗುಂಜಿ, ಲೋಂಡಾ. ಅವರು ಮೂವತ್ತು ವರ್ಷ ಓಡಾಡಿದ ಹಳಿ ಅದು. ಒಂದೇ ಉಸಿರಿನಲ್ಲಿ ಖಾನಾಪುರ ಮುಟ್ಟಿದರೆ ನಡಿಗೆ ಸರಿಯಾಗಿದೆ. ದೇಸೂರಿಗೇ ಉಸಿರು ಬೇಕಾದರೆ ಜೋರಾಯಿತು, ನಿಧಾನ ಮಾಡಬೇಕು.

"ದೇಸೂರದಾಗ ಇಳದ್ರಲ್ಲ! ಕುಂದರ್ರಿ, ನೀರು ಕುಡೀರಿ. ಮುಂದಿನ ಗಾಡಿಗಿ ಬರ್ರಿ."

ಕೋಟೆಯ ಕಡೆಯಿಂದ ಒಬ್ಬ ತೆಳ್ಳನೆಯ ಹುಡುಗಿ ಬರುತ್ತಿದ್ದಳು, ಮನೆಯಲ್ಲಿ ಉರ್ದು ಮಾತಾಡುವವರು. ಅವಳು ಒಂದು ದಿನ ನಿಲ್ದಾಣಗಳಿಗೆ ರಾಗ ಹಾಕಿ ಲೋಂಡಾದವರೆಗೂ ಹಾಡಿಬಿಟ್ಟಳು. "ಲೋಂಡಾ ತಕ್ ಪೋಂಚ್ ಗಯೀ ಬಾಯೀ!" ಅಂದಳು, ಲೋಂಡಾ ಮುಟ್ಟಿಬಿಟ್ಟೆ ಎಂದು. "ಹಾಡಾಕ ದಮ್ ಉಳದೈತಿ ಅಂದ್ರ ನೀ ನಡದೇ ಇಲ್ಲ, ಸವಾರಿ ಹೊಂಟೀದಿ. ಸ್ವಲ್ಪ ಜೋರ ನಡಿ ಬೇಟಾ" ಅಂದರು ಬಾಯಾರು.

ಅಂಗಾತ ಬಹಳ ಹೊತ್ತು ಮಲಗಿ ಮಾಡುವ ವ್ಯಾಯಾಮ ನಮ್ಮಲ್ಲಿ ಇರಲಿಲ್ಲ. ಜಿಗಿಯುವುದು, ಉಸಿರು ಕಟ್ಟುವುದು ಇರಲಿಲ್ಲ. ಎದ್ದೇಳುವಾಗ ಮಗ್ಗುಲಾಗಿ, ಕೈಯೂರಿ ಏಳಬೇಕು. ರಕ್ತ ಕಂಡರೆ, ನೀರು ಹೋದರೆ, ತಲೆ ತಿರುಗಿದರೆ, ಎದೆ ನೊಂದರೆ, ಒಂದೇ ಮೀನಖಂಡ ಊದಿ ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. ಇದನ್ನು ದಿನಾ ಬೆಳಿಗ್ಗೆ ನಮ್ಮ ಬಾಯಿಂದಲೇ ಹೇಳಿಸುತ್ತಿದ್ದರು. ಯಾರಾದರೂ "ಗೊತ್ತೈತ್ರಿ ಬಾಯಾರ" ಅಂದರೆ ಅವರಿಂದಲೇ ಎರಡು ಸಲ.

ಅವರೊಡನೆ ಎಲ್ಲರಿಗೂ ಹೊಂದಿಕೆಯಾಗುತ್ತಿತ್ತು ಅನ್ನಲಾರೆ. ಮೊಬೈಲಿನ ವಿಡಿಯೋ ನೋಡಿ ವ್ಯಾಯಾಮ ಮಾಡುವವರ ಮೇಲೆ ವಿಪರೀತ ಸಿಟ್ಟು. ಗಿರಣಿಯವನ ಜೊತೆ ವಾರಕ್ಕೊಮ್ಮೆ ಜಗಳ. ಐದು ನಿಮಿಷ ತಡವಾಗಿ ಬಂದವರನ್ನು ಮೆಟ್ಟಿಲ ಮೇಲೇ ಕೂರಿಸುತ್ತಿದ್ದರು, ಬಸುರಿ ಎಂದೂ ನೋಡುತ್ತಿರಲಿಲ್ಲ.

ನಾನು ತರಗತಿಗೆ ಹೋಗುತ್ತಿದ್ದೆ, ಹೇಳಿದ್ದನ್ನೆಲ್ಲ ಮಾಡುತ್ತಿದ್ದೆ. ಆದರೆ ಓಣಿಯಲ್ಲಿ ನಡೆಯುವಾಗ ಒಂದು ಕೈ ಹೊಟ್ಟೆಯ ಮೇಲೆಯೇ ಇರುತ್ತಿತ್ತು. ಹಳೆಯ ಕಾಗದಗಳನ್ನು ತನ್ನಿ ಎಂದು ಬಾಯಾರು ಮೊದಲ ದಿನವೇ ಕೇಳಿದ್ದರು. ಅತ್ತೆ "ಎಲ್ಲೋ ಕಳದಾವ" ಅಂದಿದ್ದರು. ಕಳೆದಿಲ್ಲ ಎಂದು ನನಗೆ ಗೊತ್ತಿತ್ತು. ಅತ್ತೆಯ ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಆ ಫೈಲನ್ನು ಒಮ್ಮೆ ಕಂಡಿದ್ದೆ. ಅದರಲ್ಲಿ ನನ್ನ ತಪ್ಪು ಬರೆದಿದೆ, ನನಗೆ ನೋವಾಗದಿರಲಿ ಎಂದು ಮುಚ್ಚಿಟ್ಟಿದ್ದಾರೆ ಅಂದುಕೊಂಡು ನಾನೂ ಸುಮ್ಮನಿದ್ದೆ.

ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ಓಣಿಯ ನಡುವೆ, ಹೊಟ್ಟೆ ಒಮ್ಮೆ ಗಟ್ಟಿಯಾಗಿ ಸಡಿಲಾಯಿತು. ನಾನು ನಿಂತುಬಿಟ್ಟೆ. ಕಾಲು ಮುಂದಕ್ಕೆ ಬರಲಿಲ್ಲ, ಹಿಂದಕ್ಕೂ ಬರಲಿಲ್ಲ. ಬಾಯಾರು ಕುರ್ಚಿ ತರಿಸಿ ಕೂರಿಸಿದರು, ನೀರು ಕುಡಿಸಿದರು, ರಿಕ್ಷಾ ಹಿಡಿದು ತಾವೇ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ನೋಡಿ, ಇದು ಈ ತಿಂಗಳಲ್ಲಿ ಆಗುವಂಥದೇ, ಕೂಸು ಚೆನ್ನಾಗಿದೆ ಅಂದರು. ಎದೆಬಡಿತ ಕೇಳಿಸಿದರು. ನಾನು ಮನೆಗೆ ಬಂದು ಮಂಚ ಹತ್ತಿದೆ. ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ.

ಮೂರನೆಯ ದಿನ ಹತ್ತು ಗಂಟೆಗೆ ಬಾಯಾರು ನಮ್ಮ ಮನೆಗೆ ಬಂದರು. ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕುಳಿತರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತರು.

"ಹಲಸಿದು ಹೇಳ್ರಿ" ಅಂದರು ಬಾಯಾರು.

ನಾನು ಅವರಿಗೆ ಹಲಸಿಯ ಹೆಸರನ್ನು ಎಂದೂ ಹೇಳಿರಲಿಲ್ಲ. ಅತ್ತೆ ಹೇಳಿರಬೇಕು. ನಾನು ಅಂದಿನದನ್ನೆಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು, ನಡುನಡುವೆ ಪ್ರಶ್ನೆ ಹಾಕಿದರು. ಎಷ್ಟು ಗಂಟೆಗೆ ಶುರು? ಬಿಸಿಲಿತ್ತೋ? ಕೈಯಲ್ಲಿ ಭಾರ ಇತ್ತೋ? ಎಷ್ಟು ಕಲ್ಲು? ನೋವು ಯಾವ ಕಲ್ಲಿಗೆ? ನಾನು ಹೊಲದ ಗಡಿ ಹೇಳುವ ಹಾಗೆ ಒಂದೊಂದಾಗಿ ಹೇಳಿದೆ. ಅಷ್ಟು ದಿನದಲ್ಲಿ ಯಾರೂ ನನ್ನನ್ನು ಅದರ ವಿವರ ಕೇಳಿರಲಿಲ್ಲ. ಎಲ್ಲರೂ ಮರೆತುಬಿಡು ಎಂದಷ್ಟೇ ಹೇಳಿದ್ದರು.

"ಡಾಕ್ಟರ್ ಏನಂದ್ರು ಆವತ್ತು?"

"ಗೊತ್ತಿಲ್ರಿ ಬಾಯಾರ. ಕೇಳಿಸಲಿಲ್ಲ."

"ಕಾಗದ?"

ನಾನು ಅತ್ತೆಯ ಕಡೆ ತಿರುಗಿದೆ. ಅಡುಗೆಮನೆಯ ಬಾಗಿಲು ಖಾಲಿಯಾಗಿತ್ತು. ಒಳಕೋಣೆಯಲ್ಲಿ ಟ್ರಂಕಿನ ಚಿಲಕ ತೆಗೆದ ಸಪ್ಪಳವಾಯಿತು. ಅತ್ತೆ ಫೈಲು ತಂದು ಬಾಯಾರ ತೊಡೆಯ ಮೇಲಿಟ್ಟು, ದೂರ ಸರಿದು, ಗೋಡೆಗೆ ಬೆನ್ನು ಕೊಟ್ಟು ನಿಂತರು.

ಬಾಯಾರು ಕನ್ನಡಕ ಹಾಕಿಕೊಂಡು ಒಂದು ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ಓದಿ ಹೇಳಾಕ ನಾ ಡಾಕ್ಟರ್ ಅಲ್ಲ. ನೀವ ಓದ್ರಿ. ಅಳತಿ ಓದೂದು ನಿಮ್ಮ ಕೆಲಸ ಐತೆಲ್ಲ."

ಓದಿದೆ. ಮೇಲೆ, ತಾರೀಖಿನ ಲೆಕ್ಕದಲ್ಲಿ ನನ್ನ ಬಸುರು ಹನ್ನೊಂದು ವಾರ ನಾಲ್ಕು ದಿನ. ಕೆಳಗೆ, ಸ್ಕ್ಯಾನಿನಲ್ಲಿ ಕಂಡ ಕೂಸಿನ ಅಳತೆ ಎಂಟು ವಾರ ಎರಡು ದಿನದ್ದು. ಎದೆಬಡಿತ ಇಲ್ಲ. ನಾನು ಕಳೆದೆ. ಇನ್ನೊಮ್ಮೆ ಕಳೆದೆ. ಇಪ್ಪತ್ತಮೂರು ದಿನ.

ಕೂಸು ಬೆಳೆಯುವುದನ್ನು ನಿಲ್ಲಿಸಿ ಮೂರು ವಾರದ ಮೇಲೆ ನಾನು ಹಲಸಿಗೆ ಹೋಗಿದ್ದೆ. ನಾನು ಆ ಬದುವಿನ ಮೇಲೆ ನಡೆಯುವಾಗ ಅದು ಆಗಲೇ ಇರಲಿಲ್ಲ.

ಊರವರ ಹೊಲದ ಅಳತೆಯನ್ನು ಮೂರು ಸಲ ತಾಳೆ ನೋಡದೆ ಸಹಿ ಹಾಕದವಳು ನಾನು. ನನ್ನದೇ ಮನೆಯಲ್ಲಿ, ಇಪ್ಪತ್ತು ಹೆಜ್ಜೆ ದೂರದ ಟ್ರಂಕಿನಲ್ಲಿದ್ದ ಈ ಅಳತೆಯನ್ನು ಒಂದೂವರೆ ವರ್ಷ ಓದಿರಲಿಲ್ಲ.

"ಏನಂತ ಬರದಾರ?" ಗೋಡೆಯ ಹತ್ತಿರದಿಂದ ಅತ್ತೆಯ ದನಿ ಬಂತು. "ಪಪ್ಪಾಯಿ ಅಂತ ಬರದಾರೇನು?"

ನಾವಿಬ್ಬರೂ ಅವರತ್ತ ತಿರುಗಿದೆವು.

"ನೀ ಹಲಸಿಗಿ ಹೋಗೋ ಹಿಂದಿನ ದಿನಾ ಪಪ್ಪಾಯಿಕಾಯಿ ಪಲ್ಯ ಮಾಡಿದ್ದೆ. ನೀ ಎರಡು ಸಲ ಹಾಕಿಸ್ಕೊಂಡಿ. ನೀ ಬಸರಿ ಅನ್ನೋದು ತಲ್ಯಾಗ ಇರಲಿಲ್ಲ ನನಗ, ಹಂಗ ಮಾಡಿಬಿಟ್ಟೆ. ಇಂಗ್ಲೀಷನ್ಯಾಗ ಐತಿ ಕಾಗದ, ನನಗೇನು ತಿಳೀತೈತಿ? ಓದಿದ್ರ ನಿನಗ ಗೊತ್ತಾಗ್ತೈತಿ ಅಂತ ಸೀರಿ ಬುಡಕ ಇಟ್ಟೆ."

"ನೀವು ಹಲಸಿಗಿ ಹೋಗಬಾರದಿತ್ತು ಅಂದ್ರಿ" ಅಂದೆ.

"ಹಲಸ್ಯಾಗರ ಆಗಿರ್ಲಿ, ನನ್ನ ಕೈಲೆ ಆಗೂದು ಬ್ಯಾಡ ಅಂತ ಅಂದೆ ಯವ್ವಾ."

ಬಾಯಾರು ಹಾಳೆಯನ್ನು ತಿರುಗಿ ಫೈಲಿಗೆ ಸೇರಿಸಿದರು. ಮುಂದಿನ ಗಾಡಿ ಎಂಬ ಮಾತು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಒಂದು ಹೋದರೇನು, ಇನ್ನೊಂದು ಬರುತ್ತದೆ ಎಂಬ ಅರ್ಥದಲ್ಲಿ ಆ ಹೊತ್ತಿನಲ್ಲಿ ಅದನ್ನು ಅವರು ಹೇಳಬಹುದಿತ್ತು. ಅವರು ಹೇಳಲಿಲ್ಲ. ಎರಡೂ ಕೈಗಳನ್ನು ಗಾಳಿಯಲ್ಲಿ ಹಿಡಿದು, "ಕೈ ಇಡ್ಲೇನ್ರಿ?" ಅಂದರು. ನಾನು ಹೂಂ ಅಂದೆ. ನನ್ನ ತಲೆಯ ಮೇಲೆ ಒಂದು ಕೈ ಇಟ್ಟರು. ಇನ್ನೊಂದು ಕೈ ಗಾಳಿಯಲ್ಲೇ ಇತ್ತು, ಅತ್ತೆಯ ಕಡೆಗೆ. ಅತ್ತೆ ಗೋಡೆ ಬಿಟ್ಟು ಬಂದು ಅದರ ಕೆಳಗೆ ಕುಳಿತರು.

ಮರುದಿನ ಮೂವರೂ ಆ ಕಾಗದ ಹಿಡಿದು ಡಾಕ್ಟರ ಹತ್ತಿರ ಹೋದೆವು. ನಡೆದದ್ದರಿಂದಲೂ ಅಲ್ಲ, ತಿಂದದ್ದರಿಂದಲೂ ಅಲ್ಲ, ಅದು ತಾನಾಗಿ ನಿಂತಿತ್ತು ಅಂದರು ಅವರು. "ಇದನ್ನ ಆವತ್ತ ಹೇಳಿದ್ದೆನಲ್ರಿ ನಿಮಗ" ಎಂದೂ ಅಂದರು. ಹೇಳಿರಬೇಕು.

ಅಲ್ಲಿಂದ ಹೆರಿಗೆಯ ಹಿಂದಿನ ವಾರದವರೆಗೆ ನಾನು ದಿನಾ ಖಾನಾಪುರ ಮುಟ್ಟಿದೆ. ಮಗಳು ಹುಟ್ಟಿದ್ದು ಒಂದು ಬೆಳಗಿನ ಹೊತ್ತು, ಸಹಜ ಹೆರಿಗೆ.

ಬಾಣಂತಿಯ ಕೋಣೆಗೂ ಬಾಯಾರು ಬಂದರು. ಮಂಚದ ಕೆಳಗೆ ಶೇಗಡಿಯಲ್ಲಿ ಕುಳ್ಳಿನ ಕೆಂಡ ಹೊಗೆಯಾಡುತ್ತಿತ್ತು. "ಇದನ್ನ ಹೊರಗ ಇಡ್ರಿ, ಕೂಸಿನ ಎಳೇ ಎದಿಗಿ ಹೊಗಿ ಬ್ಯಾಡ." ನನ್ನ ಹೊಟ್ಟೆಗೆ ಅತ್ತೆ ಹಳೆಯ ಇಳಕಲ್ ಸೀರೆಯನ್ನು ಬಿಗಿದು ಸುತ್ತಿದ್ದರು. ಅದನ್ನು ಸಡಿಲಿಸಿದರು. "ಹಿಂಗ ಜಗ್ಗಿ ಕಟ್ಟಿದ್ರ ಒಳಗಿನ ಭಾರ ಎಲ್ಲಿ ಹೋಗಬೇಕು ಅಕ್ಕಾರ? ಕೆಳಗ ಇಳೀತೈತಿ. ಆಮ್ಯಾಲ ಈಕಿನೂ ಸೀನಿದಾಗ ಕಾಲು ಕೂಡಸಬೇಕಾಗ್ತೈತಿ." ಅತ್ತೆ ಶೇಗಡಿಯನ್ನು ಹೊರಗಿಟ್ಟು ಬಂದರು. ಎಣ್ಣೆ ಹಚ್ಚುವುದಕ್ಕೆ, ಅಂಟಿನ ಉಂಡಿಗೆ ಬಾಯಾರು ಅಡ್ಡ ಬರಲಿಲ್ಲ. ಉಂಡಿಯನ್ನು ಮಾತ್ರ ಅರ್ಧ ಮುರಿದು, ಇನ್ನರ್ಧವನ್ನು ತಾವು ತಿಂದರು.

ಮೊದಲ ಕೆಲವು ದಿನ ಬರೀ ಉಸಿರಾಟ, ಆ ಒಳಗೆಳೆಯುವ ವ್ಯಾಯಾಮ, ಕೋಣೆಯಿಂದ ಪಡಸಾಲೆಗೆ ನಡಿಗೆ. ನನಗೆ ಸಾಲಲಿಲ್ಲ. ಕೆಲಸಕ್ಕೆ ಮರಳುವ ಮೊದಲು ಹೊಟ್ಟೆ ಒಳಗೆ ಹೋಗಬೇಕು ಎಂಬ ಹಟ ಹತ್ತಿತು. ಆರನೆಯ ವಾರದಲ್ಲಿ ಬಾಗಿಲು ಹಾಕಿಕೊಂಡು, ಮೊಬೈಲಿನ ವಿಡಿಯೋ ನೋಡಿ, ಅಂಗಾತ ಮಲಗಿ ತಲೆ ಎತ್ತುವ ಕಸರತ್ತು ಮಾಡಿದೆ. ದಿನಕ್ಕೆ ಐವತ್ತು. ನಾಲ್ಕು ದಿನಕ್ಕೆ ಹೊಟ್ಟೆಯ ನಡುವೆ ಉದ್ದಕ್ಕೆ ಒಂದು ಏರು ಏಳತೊಡಗಿತು, ಕೆಳಗೆ ಭಾರ. ಡಾಕ್ಟರಿಗೆ ತೋರಿಸಿ ಹೊಸ ಚೀಟಿ ತೆಗೆದುಕೊಂಡು ಗಿರಣಿಯ ಮೆಟ್ಟಿಲು ಹತ್ತಿದಾಗ ನನ್ನ ಮುಖ ನೋಡಿಯೇ ಬಾಯಾರು, "ವಿಡಿಯೋದಾಕಿ ಏನು ಕಲಿಸಿದಳು?" ಅಂದರು.

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಕೈ ಇಡಲೇ ಎಂದು ಕೇಳಿ, ಹೊಕ್ಕುಳ ಮೇಲೆ ಬೊಟ್ಟುಗಳನ್ನು ಅಡ್ಡ ಇಟ್ಟು, ಎರಡು ಸ್ನಾಯುಗಳ ನಡುವಿನ ಸಂದು ನೋಡಿದರು. "ಮೂರು ಬೊಟ್ಟು. ಬರಕೋರಿ. ನಿಮಗ ಬರಕೊಂಡ್ರ ಸಮಾಧಾನ." ನಾನು ಬರೆದುಕೊಂಡೆ. ತಿಂಗಳಿಗೊಮ್ಮೆ ಅಳೆದರು: ಎರಡೂವರೆ, ಎರಡು, ಒಂದೂವರೆ. "ಹಳೇ ಚೂಡಿದಾರ ಯಾವಾಗ ಮೈಗಿ ಬರ್ತೈತ್ರಿ ಬಾಯಾರ?" ಎಂದು ಕೇಳಿದರೆ, "ನಿಮ್ಮ ಹೊಟ್ಟಿಗಿ ಅವಸರ ಇಲ್ಲ. ಅವಸರ ಇರೋದು ಚೂಡಿದಾರಕ್ಕ. ಹೊಲಿಗಿ ಬಿಚ್ಚಿಸ್ರಿ" ಅನ್ನುತ್ತಿದ್ದರು. ಮಗಳನ್ನು ಎತ್ತಿಕೊಂಡು ಹದಿನೇಳು ಮೆಟ್ಟಿಲು ಹತ್ತಿ, ಮೇಲೆ ನಿಂತು ಲೋಂಡಾದವರೆಗೆ ಹೇಳಿದ ದಿನ ನನ್ನ ತರಗತಿ ಮುಗಿಯಿತು. ಅತ್ತೆ ಮುಂದುವರಿಸಿದರು. ಈಗ ಅವರು ಒಗ್ಗರಣೆಯ ಘಾಟಿಗೆ ನೆಟ್ಟಗೆ ನಿಂತು, ಜೋರಾಗಿ, ಸ್ವಲ್ಪ ಜಂಬದಿಂದಲೇ ಸೀನುತ್ತಾರೆ.

ಒಂದು ಮಾತ್ರ ಉಳಿದಿತ್ತು. ಕೆಲಸಕ್ಕೆ ಮರಳಿದ ಮೇಲೆ ಹಲಸಿ ಕಡೆಯ ಅರ್ಜಿ ಬಂದಾಗಲೆಲ್ಲ ನಾನು ಅದನ್ನು ಜೊತೆಯವರಿಗೆ ದಾಟಿಸುತ್ತಿದ್ದೆ. ಕಾಗದ ಓದಿದ್ದೆ, ಲೆಕ್ಕ ಗೊತ್ತಿತ್ತು, ಆದರೂ ದಾಟಿಸುತ್ತಿದ್ದೆ. ಮೂರು ವರ್ಷ. ಗಿರಣಿಯ ಮೆಟ್ಟಿಲ ಕೆಳಗೆ ಡಬ್ಬಿ ಹಿಡಿದು ನಿಂತ ಆ ದಿನದ ಮರುವಾರ ಇನ್ನೊಂದು ಅರ್ಜಿ ಬಂತು. ಅದೇ ಹೊಲದ ಪಕ್ಕದ್ದು, ಒಂದು ಬದು ಎರಡಕ್ಕೂ ಕೂಡಿದ್ದು. ಈ ಸಲ ಅದನ್ನು ನನ್ನ ಮೇಜಿನ ಮೇಲೆಯೇ ಇಟ್ಟುಕೊಂಡೆ.

ಹೋದೆ. ಹೊಲದವರು ಮರದ ನೆರಳಿನಲ್ಲಿ ಕುಳಿತಿದ್ದರು. ಎರಡು ಕಲ್ಲು ಅಳೆದು ಮುಗಿಸಿದೆ. ಆ ಕಡೆ, ಕೂಡಿದ ಬದುವಿನ ಮೇಲೆ, ಅಂದಿನ ಆ ಮೂರನೆಯದೇ ಕಾಣುತ್ತಿತ್ತು. ಅದರಾಚೆ ಹಳೆಯ ಗುಡಿಯ ಶಿಖರ. ಕಾಲು ನಿಂತುಬಿಟ್ಟವು, ಓಣಿಯಲ್ಲಿ ನಿಂತ ಹಾಗೆಯೇ. ಬಾಯಾರಿಗೆ ಫೋನ್ ಮಾಡಿದೆ.

"ಎಲ್ಲಿ ಅದೀರಿ?"

"ಹಲಸ್ಯಾಗ ಅದೀನ್ರಿ ಬಾಯಾರ."

ಖಾನಾಪುರದ ಅವರ ತಂಗಿಯ ಮನೆಯಲ್ಲಿ ಕುಕ್ಕರಿನ ಸೀಟಿ ಕೇಳಿಸಿತು.

"ನಿಂತು ಮಾತಾಡಾಕತ್ತೀರೋ, ನಡಕೋಂತ ಮಾತಾಡಾಕತ್ತೀರೋ?"

"ನಿಂತು."

"ನಡಕೋಂತ ಮಾತಾಡ್ರಿ. ಮಗಳು ಏನ್ ಮಾಡ್ತಾಳೀಗ? ಹೇಳ್ರಿ."

ನಡೆದೆ. ಮಗಳು ಬಾಲವಾಡಿಗೆ ಹೋಗುತ್ತಾಳೆ, ಚಪ್ಪಲಿಯನ್ನು ಎಡಬಲ ಅದಲುಬದಲು ಹಾಕಿಕೊಳ್ಳುತ್ತಾಳೆ, ಅತ್ತೆ ಗೋಡೆಯ ಕಡೆ ತಿರುಗಿ ವ್ಯಾಯಾಮ ಮಾಡುವಾಗ ಬೆನ್ನ ಮೇಲೆ ಏರುತ್ತಾಳೆ ಎಂದು ಹೇಳುತ್ತ ನಡೆದೆ. ಬದುವಿನ ಹುಲ್ಲು ಒಣಗಿತ್ತು. ಮೂರನೆಯ ಕಲ್ಲು ಬಂತು.

"ಇಲ್ಲೇರಿ ಬಾಯಾರ" ಅಂದೆ.

"ಹೂಂ. ಕೇಳಾಕತ್ತೇನಿ."

ಅವರು ಫೋನ್ ಇಡಲಿಲ್ಲ. ಕಲ್ಲಿನ ಮೇಲೆ ಕೈಯಿಟ್ಟೆ, ಬಿಸಿಲಿಗೆ ಕಾದಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು, "ಎಷ್ಟ ಕಲ್ಲು ಉಳದಾವ?"

"ಒಂದ."

"ಉಸಿರು ಚಲೋ ಐತಿ. ನಡೀರಿ. ಮುಗಿಸಿ ಇತ್ತಾಗ ಬರ್ರಿ, ಚಾ ಕುಡಿಯೂಣು. ಸಕ್ರಿ ಹಾಕಂಗಿಲ್ಲ ಮತ್ತ."

ನಾಲ್ಕನೆಯ ಕಲ್ಲಿಗೆ ಹೋದೆ. ಅಳತೆ ಬರೆದುಕೊಂಡೆ. ಬರೆದದ್ದನ್ನು ಎರಡು ಸಲ ಓದಿದೆ.